ಮುಚ್ಚಳದ ಒಳಗಿನ ಹಿತ್ತಲು

೧೯೫೭ರಲ್ಲಿ ನಾನು ಓದು ನಿಲ್ಲಿಸಿದೆ. ಎಂಟನೆಯ ಇಯತ್ತೆಗೆ ಹೆಸರು ಹಚ್ಚಿ ಎರಡು ತಿಂಗಳೂ ಆಗಿರಲಿಲ್ಲ. ಅಪ್ಪನ ಸೊಂಟ ಹಿಡಿದುಕೊಂಡಿತ್ತು, ಕಾಯ್ಕಿಣಿಯ ನಮ್ಮ ಗದ್ದೆಯಲ್ಲಿ ನಟ್ಟಿ ಅರ್ಧಕ್ಕೆ ನಿಂತಿತ್ತು, ಹಾಗಾಗಿ ಶಾಲೆ ಬಿಡಿಸಿದರು ಎಂದು ಊರಲ್ಲಿ ಈಗಲೂ ಹೇಳುವವರಿದ್ದಾರೆ. ನಾನು ಮಾತ್ರ ಯಾರು ಕೇಳಿದರೂ ನಾನೇ ಬಿಟ್ಟದ್ದು ಎಂದು ಹೇಳುತ್ತ ಬಂದಿದ್ದೇನೆ. ಎರಡಕ್ಕೂ ಏನು ವ್ಯತ್ಯಾಸ ಎಂದು ನೀವು ಕೇಳಬಹುದು. ಹದಿನಾಲ್ಕು ವರ್ಷದ ಹುಡುಗನಿಗೆ ಬಹಳ ವ್ಯತ್ಯಾಸ ಇತ್ತು. ಬಿಡಿಸಿಕೊಂಡವನನ್ನು ಕಂಡರೆ ಜನ ಅಯ್ಯೋ ಅನ್ನುತ್ತಾರೆ, ಬಿಟ್ಟವನನ್ನು ಕಂಡರೆ ಜೋರಿನವ ಅನ್ನುತ್ತಾರೆ. ನನಗೆ ಅಯ್ಯೋ ಅನ್ನಿಸಿಕೊಳ್ಳುವುದು ಬೇಡವಾಗಿತ್ತು. ಆ ಜೋರು ಆಮೇಲೆ ನನ್ನನ್ನು ಬಿಡಲೇ ಇಲ್ಲ.

ಇದೆಲ್ಲ ಈಗ ನೆನಪಾದದ್ದು ಒಂದು ಹಲ್ಲಿನಿಂದ. ಮೊನ್ನೆ ಕುಮಟೆಯಲ್ಲಿ ಹಲ್ಲು ಕೀಳಿಸಿಕೊಂಡು, ಬಾಯಿ ತುಂಬ ಹತ್ತಿ ಇಟ್ಟುಕೊಂಡು, ರಕ್ತ ನಿಲ್ಲುವ ತನಕ ಕೂತಿರಿ ಎಂದು ಡಾಕ್ಟರರು ಹೇಳಿದರೆಂದು ಬೆಂಚಿನ ಮೇಲೆ ಕೂತಿದ್ದೆ. ಎದುರಿನ ಗೋಡೆಯಲ್ಲಿ ಒಂದು ಚಿತ್ರ. ಸಮುದ್ರದ ದಂಡೆ, ಕೆಂಪು ಹಂಚಿನ ಮಾಡಿನ ಪುಟ್ಟ ಮನೆ, ಸುತ್ತ ಬೇಸಿಗೆಯ ಹೂದೋಟ. ಅಚ್ಚು ಹಾಕಿದ್ದು, ಕೈಯಲ್ಲಿ ಬರೆದದ್ದಲ್ಲ. ಪಕ್ಕದಲ್ಲಿ ಕೂತಿದ್ದ ಹೆಂಗಸೊಬ್ಬಳು ಅದನ್ನು ಬಹಳ ಹೊತ್ತು ನೋಡಿ, ಮನೆಯೇನೋ ಚಂದ ಉಂಟು, ಆದರೆ ಒಬ್ಬರಾದರೂ ಕಾಣುವುದಿಲ್ಲವಲ್ಲ, ಬಾಗಿಲು ತೆರೆದಿಟ್ಟು ಎಲ್ಲಿಗೆ ಹೋದರೋ ಎಂದಳು. ಹತ್ತಿ ಇಲ್ಲದಿದ್ದರೆ ನಾನು ಅವಳಿಗೆ ಒಂದು ಗಂಟೆ ಉತ್ತರ ಹೇಳುತ್ತಿದ್ದೆ. ಹತ್ತಿ ಇದ್ದದ್ದರಿಂದ ನಿಮಗೆ ಹೇಳುತ್ತಿದ್ದೇನೆ.

ಓದು ಬಿಟ್ಟ ಮೇಲೆ ಮಳೆಗಾಲದಲ್ಲಿ ನಮ್ಮ ಗದ್ದೆ, ಉಳಿದ ತಿಂಗಳಲ್ಲಿ ಶರಾವತಿಯನ್ನು ತಾರಿ ದೋಣಿಯಲ್ಲಿ ದಾಟಿ ಹೊನ್ನಾವರದ ಒಂದು ಪೆಟ್ಟಿಗೆ ಮಾಡುವ ಅಂಗಡಿಯಲ್ಲಿ ಕೆಲಸ. ತಗಡಿನ ಪೆಟ್ಟಿಗೆ, ಮದುವೆಯ ಹೆಣ್ಣಿಗೆ ತವರಿನಿಂದ ಕೊಡುವಂಥದು. ತಗಡು ಬಡಿಯುವವರು ಬೇರೆ, ನನ್ನದು ಬಣ್ಣ. ಮೈಗೆಲ್ಲ ಹಸಿರೋ ನೀಲಿಯೋ ಬಳಿದು, ಒಣಗಿದ ಮೇಲೆ ಮುಚ್ಚಳದ ನಡುವೆ ಎರಡು ಅಂಗೈ ಅಗಲದ ಜಾಗದಲ್ಲಿ ಒಂದು ಸೀನರಿ ಬರೆಯಬೇಕು. ಸೀನರಿ ಎಂದರೆ ಏನು ಎಂಬುದರಲ್ಲಿ ನಮ್ಮ ಕಡೆ ಯಾರಿಗೂ ಸಂಶಯ ಇರಲಿಲ್ಲ. ಸಮುದ್ರ, ಮುಳುಗುವ ಸೂರ್ಯ, ದಂಡೆಯಲ್ಲಿ ಒಂದು ಮನೆ, ಮನೆಯ ಮುಂದೆ ಹೂವಿನ ಗಿಡ, ಗಿಡದ ಹತ್ತಿರ ಕೊಡ ಹೊತ್ತ ಹೆಣ್ಣು. ಇಷ್ಟಿದ್ದರೆ ಸೀನರಿ, ಒಂದು ಕಡಿಮೆಯಾದರೆ ಬೀಗರು ಕೇಳುತ್ತಿದ್ದರು.

ಆ ಮನೆಯನ್ನು ನಾನು ಕಲಿತದ್ದು ಒಂದು ವಿಲಾಯತಿ ಬಿಸ್ಕೀಟು ಡಬ್ಬದಿಂದ. ಡಬ್ಬ ಅಂಗಡಿಯ ಧಣಿಯದು, ಒಳಗೆ ಮೊಳೆ ತುಂಬಿದ್ದರು. ಅದರ ಮುಚ್ಚಳದ ಮನೆಗೆ ಮಾಡಿನ ಮೇಲೆ ಒಂದು ಚೌಕದ ಗೂಡು, ಗೂಡಿನಿಂದ ಹೊಗೆ. ಅದೇನೆಂದು ನನಗೆ ಗೊತ್ತಿರಲಿಲ್ಲ, ಆದರೂ ಒಂದೂ ತಪ್ಪದ ಹಾಗೆ ಬರೆಯುತ್ತಿದ್ದೆ. ಮಾವಿನಕುರ್ವೆಯ ಮೀನುಗಾರರೊಬ್ಬರು ಮಗಳ ಪೆಟ್ಟಿಗೆಯನ್ನು ತಾರಿಯಲ್ಲಿ ಒಯ್ಯುವಾಗ ನಾನೂ ಅದೇ ತಾರಿಯಲ್ಲಿದ್ದೆ. ಅವರು ಮುಚ್ಚಳ ನೋಡಿ ನೋಡಿ, "ಇವರು ಮಾಡಿನ ಮೇಲೆ ಅಡಿಗೆ ಮಾಡ್ತಾರೆ? ಮಳೆ ಬಂದ್ರೆ ಎಂತ ಮಾಡೂದು?" ಎಂದರು. ಗೊತ್ತಿಲ್ಲ ಎನ್ನುವ ಜಾಯಮಾನ ನನ್ನದಲ್ಲವಲ್ಲ, ಅದು ಪಾರಿವಾಳದ ಗೂಡು ಎಂದೆ. ಪಾರಿವಾಳಕ್ಕೆ ಹೊಗೆ ಯಾಕೆ ಎಂದು ಅವರು ಕೇಳುವುದರೊಳಗೆ ತಾರಿ ದಡ ಮುಟ್ಟಿತು.

ಕುಮಟೆಯವರೊಬ್ಬರದು ಇನ್ನೊಂದು ತಕರಾರು. ನನ್ನ ತೆಂಗಿನಮರ ಚಂದ ಬಾಗಿದೆ, ಸರಿ, ಆದರೆ ಕಾಯಿ ಎಲ್ಲಿ? ಕಾಯಿ ಇಲ್ಲದ ಮರದ ಪೆಟ್ಟಿಗೆ ಕೊಟ್ಟು ಮಗಳನ್ನು ಕಳಿಸಿದರೆ ಬೀಗರ ಮನೆಯಲ್ಲಿ ಏನೆಂದಾರು? ನಾನು ಅಲ್ಲೇ ನಿಂತು ಮರಕ್ಕೆ ಎರಡು ಗೊನೆ ಬಿಡಿಸಿಕೊಟ್ಟೆ. ಅವರು ಎಣಿಸಿ ನೋಡಿ ಇನ್ನೂ ಒಂದು ಇರಲಿ ಎಂದರು. ಅದನ್ನೂ ಬರೆದೆ. ಮರ ಬೀಳುವಷ್ಟು ಕಾಯಿ ಆಯಿತು. ನನಗೆ ಏನೂ ಅನ್ನಿಸಲಿಲ್ಲ. ಚಿತ್ರಕ್ಕೆ ಏನನ್ನಾದರೂ ಸೇರಿಸು ಎಂದರೆ ನನಗೆ ಯಾವತ್ತೂ ಬೇಸರ ಬಂದದ್ದಿಲ್ಲ.

ಇನ್ನು ನಮ್ಮ ಅವ್ವಿಯ, ಅಂದರೆ ತಾಯಿಯ ವಿಷಯ. ಭತ್ತ ಕೊಯ್ದಾದ ಮೇಲೆ ಅವಳು ಅದೇ ಗದ್ದೆಯ ಮಣ್ಣು ಮಗುಚಿ, ಹೊಂಡದಿಂದ ಎರಡು ಕೈಯಲ್ಲಿ ಎರಡು ಕೊಡ ನೀರು ಎತ್ತಿ, ಹರಿವೆ, ಬದನೆ, ಸೌತೆ, ಬಸಳೆ ಬೆಳೆಸುತ್ತಿದ್ದಳು. ಬಿಸ್ಕೀಟು ಡಬ್ಬದ ಹೂದೋಟ ನೋಡಿ ನೋಡಿ ನನಗೆ ನಮ್ಮದು ತೋಟ ಎಂದೇ ಅನ್ನಿಸುತ್ತಿರಲಿಲ್ಲ. ಬುಟ್ಟಿ ತುಂಬಿದ ದಿನ ಬಸ್ಸಿನಲ್ಲಿ ಭಟ್ಕಳ, ಅಲ್ಲಿಂದ ನಡೆದು ಜಾಲಿ. ಜಾಲಿಯ ನವಾಯತ ಮುಸಲ್ಮಾನರ ಮನೆಗಳು ಅವಳಿಗೆ ಖಾಯಂ ಗಿರಾಕಿ. ಆ ಮನೆಗಳ ಗಂಡಸರು ಬಹಳ ಮಂದಿ ಮದ್ರಾಸು, ಕೊಲಂಬೋ ಕಡೆ ವ್ಯಾಪಾರಕ್ಕೆ ಹೋದವರು. ಮನೆ ತುಂಬ ಸೊಸೆಯಂದಿರು, ಮಕ್ಕಳು, ಗದ್ದಲ. ಗಂಡಸಾದವನು ಮುಂದಿನ ಜಗಲಿ ದಾಟುವ ಹಾಗಿಲ್ಲ, ಅವ್ವಿ ಮಾತ್ರ ಹಿತ್ತಲ ಬಾಗಿಲಿನಿಂದ ಸೀದಾ ಒಳಗೆ. ಬಾವಿಕಟ್ಟೆಯ ಮೇಲೆ ಬುಟ್ಟಿ ಇಳಿಸಿದರೆ ಸೊಪ್ಪಿಗಿಂತ ಮಾತಿನ ವ್ಯಾಪಾರವೇ ಹೆಚ್ಚು. ಒಂದು ಮನೆಯ ಯಜಮಾನಿತಿ, ಎಲ್ಲರೂ ಅವರನ್ನು ದೊಡ್ಡಮ್ಮ ಎನ್ನುತ್ತಿದ್ದರು, ಅವ್ವಿಯಿಂದ ನಟ್ಟಿ ಹಾಡು ಹಾಡಿಸಿ, ಅದರ ಅರ್ಥ ಕೇಳಿ, ಅರ್ಥ ಹೇಳಲು ಬಾರದೆ ಅವ್ವಿ ಮತ್ತೆ ಅದನ್ನೇ ಹಾಡಿ, ಹೀಗೆ ಮಧ್ಯಾಹ್ನ ಆಗಿಬಿಡುತ್ತಿತ್ತಂತೆ.

ಈ ದೊಡ್ಡಮ್ಮನಿಗೆ ಅವ್ವಿ ನನ್ನ ವಿಷಯ ಹೇಳಿದ್ದಳು. ೧೯೬೧ರ ಬೇಸಿಗೆಯಲ್ಲಿ ಒಂದು ಸಂಜೆ ಖಾಲಿ ಬುಟ್ಟಿಯೊಂದಿಗೆ ಬಂದವಳು, ದೊಡ್ಡಮ್ಮನ ಮಗ ಮದ್ರಾಸಿನಿಂದ ಬಂದಿದ್ದಾನೆ, ಪೆಟ್ಟಿಗೆಗೆ ಚಿತ್ರ ಬರೆಸಬೇಕಂತೆ, ನಾಳೆ ಹೋಗು ಎಂದಳು.

ಹೋದೆ. ಚಿರೆಕಲ್ಲಿನ ಪಾಗಾರದ ಗೋಡೆ, ಹಂಚಿನ ಮನೆ, ಹಿಂದೆ ಗಾಳಿಮರದ ಸಾಲು, ಅದರಾಚೆ ಸಮುದ್ರ. ಮಗ ಇಸ್ಮಾಯಿಲ್ ಸಾಹೇಬರು ನಲವತ್ತರ ಒಳಗಿನವರು, ಮೆಲ್ಲಗೆ ಮಾತಾಡುವವರು. ಮದ್ರಾಸಿನ ಬಟ್ಟೆ ಅಂಗಡಿಯೊಂದರಲ್ಲಿ ಪಾಲು. ವರ್ಷಕ್ಕೆ ಎರಡು ತಿಂಗಳು ಊರು, ಹತ್ತು ತಿಂಗಳು ಅಂಗಡಿಯ ಹಿಂದಿನ ಒಂದೇ ಕೋಣೆಯಲ್ಲಿ ಐದು ಜನ. ಜಗಲಿಯ ಮೇಲೆ ಅವರ ಪೆಟ್ಟಿಗೆ ಇತ್ತು. ನಾನು ಮುಚ್ಚಳ ತಡವಿ ಎಲ್ಲಿ ಬರೆಯಲಿ ಎಂದಾಗ ಅವರು ಮೇಲೆ ಅಲ್ಲ, ಮುಚ್ಚಳದ ಒಳಮೈಯಲ್ಲಿ ಎಂದರು. ಬೆಳಿಗ್ಗೆ ಅಂಗಿ ತೆಗೆಯಲು ಪೆಟ್ಟಿಗೆ ತೆರೆದರೆ ಈ ಮನೆ ಕಾಣಬೇಕು, ಇದೇ ಮನೆ, ಹಿತ್ತಲು ಸಮೇತ. ಇದು ತನಗಿಂತ ಹೆಚ್ಚು ತಾಯಿಯ ಆಸೆ ಎಂದೂ ಹೇಳಿದರು. ಕೊನೆಗೆ ಒಂದು ಮಾತನ್ನು ಬಹಳ ಸ್ಪಷ್ಟವಾಗಿ ಹೇಳಿದರು. "ಮನುಷ್ಯರು ಬೇಡ ಪೇಂಟರ್ರೆ. ಹಕ್ಕಿ, ದನ ಅದೂ ಬೇಡ. ನಮ್ಮಲ್ಲಿ ಅದು ಇಡೂದಿಲ್ಲ."

ಆತು ಎಂದೆ. ಕೇಳಿಸಿಕೊಳ್ಳಲಿಲ್ಲ ಎಂದು ನಾನು ಇವತ್ತಿಗೂ ಹೇಳುವ ಹಾಗಿಲ್ಲ.

ಮನೆಯ ಮುಖವನ್ನು ನೋಡಿ ಬರೆಯಬಹುದಾಗಿತ್ತು. ಹಿತ್ತಲನ್ನು ಹೇಗೆ ನೋಡುವುದು? ಅದಕ್ಕೆ ದೊಡ್ಡಮ್ಮನೇ ದಾರಿ ಹುಡುಕಿದರು. ಒಳಬಾಗಿಲಿಗೆ ದಪ್ಪ ಪರದೆ. ಪರದೆಯ ಆಚೆ ಅವರು ಕೂತು ಹೇಳುವುದು, ಈಚೆ ನಾನು ಕೂತು ಬರೆಯುವುದು. ಕೀಲಿನ ತಂತಿ ಎಳೆದು ಮುಚ್ಚಳ ಬೇರೆ ಮಾಡಿಕೊಂಡಿದ್ದೆ. ಒಂದಿಷ್ಟು ಬರೆದ ಮೇಲೆ ಅದನ್ನು ಹೊಸ್ತಿಲ ಮೇಲಿಟ್ಟು ನಾನು ಅಂಗಳದ ಕಡೆ ಮುಖ ಮಾಡಿ ಕೂರಬೇಕು. ಮುಚ್ಚಳ ಒಳಗೆ ಸರಿದು ಹೋಗುವ ಸದ್ದು, ಒಳಗೆ ಸೊಸೆಯಂದಿರ ಗುಸುಗುಸು, ಆಮೇಲೆ ಅದು ಮತ್ತೆ ಹೊಸ್ತಿಲಿಗೆ ಬರುವ ಸದ್ದು, ಅದರ ಹಿಂದೆಯೇ ದೊಡ್ಡಮ್ಮನ ತೀರ್ಪು.

ನನಗೆ ಆಶ್ಚರ್ಯವಾದದ್ದು ಅವರ ಕನ್ನಡ. ಅದು ನಮ್ಮ ಕೇರಿಯ ಕನ್ನಡ. ಐವತ್ತು ವರ್ಷ ಸೊಪ್ಪಿನ ಬುಟ್ಟಿಯವರ ಹತ್ತಿರವೇ ಕಲಿತದ್ದಲ್ಲವೇ, ಕಣ್ಣು ಮುಚ್ಚಿ ಕೇಳಿದರೆ ನನ್ನ ಚಿಕ್ಕಮ್ಮ ಮಾತಾಡಿದ ಹಾಗೆ. "ಬಾವಿ ಎಡಕ್ಕೆ, ತಮ್ಮಾ. ಬಾವಿ ಹತ್ರ ಮದರಂಗಿ ಗಿಡ. ಮಲ್ಲಿಗೆ ಆಚೆ, ಪಾಗಾರಕ್ಕೆ ತಾಗಿ. ನುಗ್ಗೆ ಮರ ಅಷ್ಟು ಸೊಟ್ಟ ಮಾಡ್ಬೇಡ, ಅದು ಸೊಟ್ಟ ಅದೆ ಹೌದು, ಆದ್ರೆ ನಾವು ಹೇಳೂದಿಲ್ಲ."

ನಾನು ಮಲ್ಲಿಗೆಯ ಎಲೆಗೆ ಡಬ್ಬದಲ್ಲಿದ್ದ ಹಸಿರನ್ನೇ ಹಾಕಿದ್ದೆ. ಮುಚ್ಚಳ ವಾಪಸು ಬಂತು. ಬೇಸಿಗೆಯಲ್ಲಿ ಬಾವಿಯ ನೀರು ಉಪ್ಪಾಗುತ್ತದೆ, ಎಲೆ ಅಂಚಿನಲ್ಲಿ ಹಳದಿಯಾಗುತ್ತದೆ, ಹೂವೇನೋ ಬಿಡುತ್ತದೆ, ಆದರೆ ಗಿಡ ಸೋತಿರುತ್ತದೆ ಎಂದರು. ಸಮುದ್ರಕ್ಕೆ ನೀಲಿ ಬಳಿದಿದ್ದೆ. ಅದೂ ವಾಪಸು. "ಮಧ್ಯಾಹ್ನ ಸಮುದ್ರ ನೀಲಿ ಎಲ್ಲಿ ಇರ್ತದೆ? ಬಿಳಿ. ನೋಡ್ಲಿಕ್ಕೆ ಆಗೂದಿಲ್ಲ, ಕಣ್ಣು ಕುಕ್ತದೆ. ನೀ ಸಮುದ್ರ ನೋಡಿದ್ದೆಯಾ ಇಲ್ಲವಾ?" ಹುಟ್ಟಿದ್ದೇ ಸಮುದ್ರದ ಬುಡದಲ್ಲಿ ಎಂದು ಬಾಯಿಗೆ ಬಂದಿತ್ತು. ಅಂಗಳದ ಮೂಲೆಗೆ ಹೋಗಿ, ಮನೆಯ ಪಕ್ಕದಿಂದ ಕಾಣುವ ಗಾಳಿಮರದ ಸಂದಿಯಲ್ಲಿ ನೋಡಿದೆ. ಬಿಳಿಯೇ ಇತ್ತು. ನಾಲ್ಕು ವರ್ಷ ನಾನು ನೀಲಿ ಬರೆದಿದ್ದೆ, ಬಿಸ್ಕೀಟು ಡಬ್ಬದಲ್ಲಿ ನೀಲಿ ಇತ್ತೆಂದು.

ಆರು ದಿನ ಹೀಗೆ ನಡೆಯಿತು. ಮೊದಲ ದಿನ ಸಿಟ್ಟು ಬಂದಿತ್ತು, ನಾಲ್ಕನೆಯ ದಿನಕ್ಕೆ ನಾನು ಬಸ್ಸಿನಲ್ಲಿ ಬರುವಾಗಲೇ ಇವತ್ತು ಪರದೆಯ ಹಿಂದಿನಿಂದ ಏನು ಬರಬಹುದು ಎಂದು ಯೋಚಿಸುತ್ತಿದ್ದೆ. ಶಾಲೆಯ ಮಾಸ್ತರರಿಗೆ ಹೆದರದವನು ಈ ದನಿಗೆ ಹೆದರುತ್ತಿದ್ದೆ, ಆ ಹೆದರಿಕೆ ಹಿತವಾಗಿಯೂ ಇತ್ತು. ಅವರನ್ನು ನಾನು ನೋಡಲಿಲ್ಲ. ಒಮ್ಮೆ ಮಾತ್ರ ಬೇಗ ತಿರುಗಿಬಿಟ್ಟಾಗ ಮುಚ್ಚಳವನ್ನು ಹೊರಗೆ ತಳ್ಳುತ್ತಿದ್ದ ಒಂದು ಮುದಿ ಕೈ ಕಂಡಿತು, ಉಗುರಿಗೆ ಮದರಂಗಿಯ ಕೆಂಪು. ಆರನೆಯ ದಿನ ಮುಚ್ಚಳ ಬಹಳ ಹೊತ್ತು ಒಳಗೇ ಉಳಿಯಿತು. ಹೊರಗೆ ಬಂದಾಗ ದನಿ ಇಷ್ಟೇ ಹೇಳಿತು. "ಸರಿ ಅದೆ." ನನಗೆ ಯಾವ ಪರೀಕ್ಷೆಯಲ್ಲೂ ಅಷ್ಟು ಮಾರ್ಕು ಬಿದ್ದಿರಲಿಲ್ಲ.

ಅಲ್ಲಿಗೆ ನಿಲ್ಲಿಸಿದ್ದರೆ ಈ ಬರಹ ಇರುತ್ತಿರಲಿಲ್ಲ. ಅಂಚು ಒರಸಬೇಕು ಎಂದು ನೆವ ಹೇಳಿ ಮುಚ್ಚಳವನ್ನು ಆ ದಿನ ಮನೆಗೆ ಒಯ್ದೆ. ಗೋಡೆಗೆ ಒರಗಿಸಿಟ್ಟು ನೋಡಿದರೆ ಏನೋ ಖಾಲಿ ಅನ್ನಿಸಿತು. ಬಾಗಿಲು ತೆರೆದಿದೆ, ಹೂವು ಬಿಟ್ಟಿದೆ, ಕೊಡ ಇದೆ, ಕೊಡ ಹಿಡಿಯುವವರಿಲ್ಲ. ನಾನು ಬರೆದ ನೂರಾರು ಸೀನರಿಗಳಲ್ಲಿ ಹೆಣ್ಣಿಲ್ಲದ್ದು ಒಂದೂ ಇರಲಿಲ್ಲ. ಮಗನಿಗೆ ತಾಯಿ ಕಾಣದ ಹಿತ್ತಲು ಎಂಥ ಹಿತ್ತಲು? ಅವರಿಗೆ ಇದು ಹೊಳೆದಿಲ್ಲ, ನನಗೆ ಹೊಳೆಯಿತು, ನನ್ನ ಕಡೆಯಿಂದ ಒಂದು ಉಡುಗೊರೆ ಇರಲಿ ಎಂದು ಸಣ್ಣ ಬ್ರಷ್ಷಿನಲ್ಲಿ ಮಲ್ಲಿಗೆಯ ಗಿಡದ ಹತ್ತಿರ ಬಿಳಿ ಬಟ್ಟೆ ಹೊದ್ದ ಒಬ್ಬ ಮುದುಕಿಯನ್ನು ಬರೆದೆ. ಕಿರುಬೆರಳ ಉಗುರಿನಷ್ಟು. ಬೆನ್ನು ನಮ್ಮ ಕಡೆ, ಮುಖ ಕಾಣದು, ಹಾಗಾಗಿ ಇದು ಮನುಷ್ಯರ ಚಿತ್ರ ಅಲ್ಲವೇ ಅಲ್ಲ ಎಂದು ನನಗೆ ನಾನೇ ವಕೀಲಿ ಮಾಡಿಕೊಂಡೆ. ಬಾಗಿದ ಬೆನ್ನು ಮಾತ್ರ ಚೆನ್ನಾಗಿ ಬಂದಿತ್ತು. ದೊಡ್ಡಮ್ಮನನ್ನು ನೋಡಿಲ್ಲವಲ್ಲ, ಅದು ನಮ್ಮ ಅವ್ವಿ ಬಸಳೆಗೆ ನೀರು ಹಾಕುವ ಬೆನ್ನು.

ಮರುದಿನ ಇಸ್ಮಾಯಿಲ್ ಸಾಹೇಬರು ಮುಚ್ಚಳವನ್ನು ಬೆಳಕಿಗೆ ಹಿಡಿದರು. ಮುಖ ಅರಳಿತು. ನೋಡುತ್ತ ನೋಡುತ್ತ ಮಲ್ಲಿಗೆಯ ಹತ್ತಿರ ಕಣ್ಣು ನಿಂತಿತು. ಮುಚ್ಚಳವನ್ನು ಮೆಲ್ಲಗೆ ಮಡಿಲಿಗೆ ಇಳಿಸಿ, ಮುಖ ಕೆಳಗಾಗಿ ಇಟ್ಟುಕೊಂಡರು. ದನಿ ಏರಿಸಲಿಲ್ಲ.

"ಪೇಂಟರ್ರೆ, ನಾ ಹೇಳಿದ್ದೆ ಅಲ್ವಾ. ಪೆಟ್ಟಿಗೆ ತೆರೆದ್ರೆ ರೂಮಲ್ಲಿ ಇನ್ನೂ ನಾಲ್ಕು ಜನ ಇರ್ತಾರೆ. ಅವರ ಎದುರಿಗೆ ನಮ್ಮ ತಾಯಿನ ಇಡೂದು ಹೇಗೆ? ಇದೊಂದು ತೆಗೆದು ಕೊಡಿ."

ತೆಗೆಯಲು ಏನಿತ್ತು? ಹಸಿರು ಅದ್ದಿ ಎರಡು ಸಲ ಬ್ರಷ್ ಎಳೆದರೆ ಮುಗಿಯಿತು. ಬ್ರಷ್ ನನ್ನ ಚೀಲದಲ್ಲೇ ಇತ್ತು. ನನ್ನ ಕಿವಿ ಬಿಸಿಯಾಯಿತು. ಉಡುಗೊರೆಯನ್ನು ತೆಗೆ ಎನ್ನುತ್ತಾರಲ್ಲ ಎಂದು. ಕುಮಟೆಯಲ್ಲಿ ಬೋರ್ಡು ಬರೆಯುವವನೊಬ್ಬ ಚಹಾ ಅಂಗಡಿಯಲ್ಲಿ ಯಾವಾಗಲೂ ಹೇಳುತ್ತಿದ್ದ ಒಂದು ಮಾತನ್ನು ನಾನು ಕದ್ದು ಇಟ್ಟುಕೊಂಡಿದ್ದೆ. ಅದನ್ನು ಈಗ ತೆಗೆದೆ. "ಚಿತ್ರ ಮುಗಿದ ಮೇಲೆ ನಾ ಕೈ ಹಾಕೂದಿಲ್ಲ, ಸಾಹೇಬ್ರೆ."

ಮೂರು ಗೊನೆ ಕಾಯಿಗೆ ಕೈ ಹಾಕಿದವನ ಮಾತು ಇದು. ಆಗ ಪರದೆಯ ಹಿಂದಿನಿಂದ ದೊಡ್ಡಮ್ಮನ ದನಿ, ಎಂದಿನ ದನಿಯೇ, ಸಿಟ್ಟಿಲ್ಲ.

"ತಮ್ಮಾ, ಅಲ್ಲಿ ಒಂದು ಗಿಡ ಬರೆದ್ರೆ ಆತು. ಗಿಡ ಬೇಕಾದಷ್ಟು ಅದೆ ನಮ್ಮಲ್ಲಿ."

ಹೀಗೆ ಒಬ್ಬರು ಬಾಗಿಲು ತೆರೆದು ಕೊಟ್ಟರೆ ತಲೆಬಾಗಿ ಒಳಗೆ ಹೋಗಬೇಕು. ಹದಿನೆಂಟರ ಕುತ್ತಿಗೆ ಬಾಗಲಿಲ್ಲ. ಮಜೂರಿ ಬೇಡ ಎಂದೆ, ಅದೂ ಒಂದು ಜೋರು. ಚಪ್ಪಲಿ ಮೆಟ್ಟಿ ಬಂದುಬಿಟ್ಟೆ.

ರಾತ್ರಿಯ ಊಟದಲ್ಲಿ ಅವ್ವಿಗೆ ಹೇಳಿದೆ. ಅವಳು ನನ್ನ ಪಕ್ಷ ವಹಿಸುತ್ತಾಳೆ ಎಂದುಕೊಂಡಿದ್ದೆ. ಅದಕ್ಕಾಗಿಯೇ, ಅದು ದೊಡ್ಡಮ್ಮನ ಬೆನ್ನೂ ಅಲ್ಲ, ನಿನ್ನ ಬೆನ್ನು ನೋಡಿ ಬರೆದದ್ದು ಎಂದು ಕೊನೆಯ ಬಾಣ ಬಿಟ್ಟೆ. ಅವ್ವಿ ಗಂಜಿ ಬಡಿಸುವುದನ್ನು ನಿಲ್ಲಿಸಿದಳು.

"ನನ್ನ ಬರೆಯೂದಾದ್ರೆ ನಮ್ಮನೆ ಗೋಡೇಲಿ ಬರಿ. ಅವರ ಪೆಟ್ಟಿಗೇಲಿ ಕೂತು ನಾ ಮದ್ರಾಸಿಗೆ ಎಂತಕ್ಕೆ ಹೋಗ್ಬೇಕು?"

ಮುಂದಿನ ಬೇಸಿಗೆ ಬಂತು. ಒಂದು ದಿನ ಅವ್ವಿ ಜಾಲಿಯಿಂದ ಬಂದವಳೇ ನನ್ನ ಎದುರು ಕೂತಳು. ಆ ಪೆಟ್ಟಿಗೆ ಮದ್ರಾಸಿಗೆ ಹೋಗಿ ಬಂದಿತ್ತು. ಹೋದ ವರ್ಷ ಮಗ ಅದನ್ನು ಮನೆಯಲ್ಲೇ ಬಿಟ್ಟು ಬೇರೆ ಪೆಟ್ಟಿಗೆ ಒಯ್ಯಲು ಹೊರಟಿದ್ದನಂತೆ. ಆರು ದಿನ ಹೇಳಿ ಬರೆಸಿದ ಹಿತ್ತಲು ಅಟ್ಟದ ಮೇಲೆ ಕೂರುತ್ತದಲ್ಲ ಎಂದು ದೊಡ್ಡಮ್ಮ ಒಂದು ಉಪಾಯ ಮಾಡಿದರು. ಮದರಂಗಿಯ ಒಂದು ಎಲೆ ಕೊಯ್ದು, ಅನ್ನದ ಗಂಜಿ ಸವರಿ, ನಾನು ಬರೆದ ಹೆಣ್ಣಿನ ಮೇಲೆ ಅಂಟಿಸಿದರು. ಒಂದು ಗಿಡದ ಹಾಗೆಯೇ ಕಂಡಿತಂತೆ. ಮದ್ರಾಸಿನ ಸೆಕೆಗೆ ಎಲೆ ಒಣಗಿ ಪುಡಿಯಾಗಿತ್ತು. ಈ ಸಲ ಮಗ ಹೊರಡುವ ಮೊದಲು ಮತ್ತೆ ಬಾವಿಕಟ್ಟೆಯ ಮೇಲೆ ಕೂತು, ಕರಟದಲ್ಲಿ ಗಂಜಿ ಇಟ್ಟುಕೊಂಡು, ಹೊಸ ಎಲೆ ಅಂಟಿಸುತ್ತಿದ್ದುದನ್ನು ಅವ್ವಿ ಕಣ್ಣಾರೆ ನೋಡಿ ಬಂದಿದ್ದಳು. ಎಪ್ಪತ್ತು ದಾಟಿದವರು, ಕಣ್ಣು ಮಂಜು, ಎಲೆ ಸರಿದು ಸರಿದು ಹೋಗುತ್ತಿತ್ತಂತೆ.

"ನಾಳೆ ಹೋಗಿ ಎರಡು ಗೀರು ಎಳೆದು ಬಾ" ಎಂದಳು ಅವ್ವಿ.

ಅವರು ಕರೆಯಲಿ, ಹೋಗುತ್ತೇನೆ ಎಂದೆ.

"ಅವರು ಹೇಗೆ ಕರೀತ್ರು? ನೀ ಕೈ ಹಾಕೂದಿಲ್ಲ ಹೇಳಿ ಬಂದಿದ್ದೆ. ಒಲ್ಲೆ ಅಂದವನ ಹತ್ರ ಮತ್ತೆ ಕೇಳೂದು ಮರ್ಯಾದೆ ಅಲ್ಲ ಅಂತದೆ ಆ ದೊಡ್ಡಮ್ಮ."

ಅಂದರೆ ಅವರು ನನ್ನ ಕದ್ದ ಮಾತಿಗೆ ಮರ್ಯಾದೆ ಕೊಟ್ಟು ಕಾಯುತ್ತಿದ್ದರು. ನಾನು ಅವರ ಕರೆಗೆ ಕಾಯುತ್ತಿದ್ದೆ. ನಡುವೆ ಭಟ್ಕಳದ ಬಸ್ಸು ದಿನಕ್ಕೆ ಹಲವು ಸಲ ಓಡಾಡುತ್ತಿತ್ತು.

ಹೋಗಲೇ ಇಲ್ಲ ಎಂದಲ್ಲ. ಒಮ್ಮೆ ಹಸಿರು ಬಣ್ಣದ ಸಣ್ಣ ಡಬ್ಬ ಚೀಲದಲ್ಲಿಟ್ಟುಕೊಂಡು ಆ ಪಾಗಾರದ ಗೇಟಿನವರೆಗೂ ಹೋದೆ. ಜಗಲಿಯಲ್ಲಿ ನಾಲ್ಕಾರು ಜನ ನೆಂಟರು ಕೂತಿದ್ದರು. ಒಬ್ಬರು ಎದ್ದು ಯಾರು ಬೇಕು ಎಂದು ಕೇಳಿದಾಗ ನನ್ನ ಬಾಯಿಂದ ಬಂದದ್ದು, ಇಲ್ಲಿ ತೆಂಗಿನಕಾಯಿ ಮಾರುವವರ ಮನೆ ಯಾವುದು ಎಂಬ ಮಾತು. ಪಾಪ, ಅವರು ನನ್ನ ಜೊತೆ ನಡೆದು ಬಂದು ಆ ಮನೆ ತೋರಿಸಿದರು, ಒಳ್ಳೆಯ ಕಾಯಿ ಕೊಡಿ ಎಂದು ಶಿಫಾರಸೂ ಮಾಡಿದರು. ಕೊಳ್ಳದೆ ಉಪಾಯ ಇರಲಿಲ್ಲ. ಮನೆಯಲ್ಲಿ ಹನ್ನೆರಡು ತೆಂಗಿನಮರ ಇರುವಾಗ ಜಾಲಿಯಿಂದ ನಾಲ್ಕು ಕಾಯಿ ಹೊತ್ತು ತಂದ ಮಗನನ್ನು ನೋಡಿ ಅವ್ವಿ ಏನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ಆಮೇಲಾಮೇಲೆ ಅದು ನಮ್ಮ ಮನೆಯಲ್ಲಿ ಬೇಸಿಗೆಯ ಒಂದು ಸುದ್ದಿಯಾಯಿತು. ಮಾವಿನ ಮಿಡಿ ಬಂತು, ಬಾವಿ ಕೆಳಗೆ ಹೋಯಿತು, ದೊಡ್ಡಮ್ಮ ಎಲೆ ಅಂಟಿಸಿತು. ಒಂದು ವರ್ಷ ಅವ್ವಿಯೇ ಎಲೆ ಹಿಡಿದು ಕೊಟ್ಟಳಂತೆ. ಇನ್ನೊಂದು ವರ್ಷ ದೊಡ್ಡಮ್ಮ, ನಿನ್ನ ಮಗ ಬರೆದದ್ದು ಚಂದ ಮಾತ್ರ ಅದೆ, ನುಗ್ಗೆಗೆ ಗಾಳಿ ತಾಗಿದ್ದು ಸಮೇತ ಕಾಣುತ್ತದೆ ಎಂದರಂತೆ. ಆ ವರ್ಷವಂತೂ ಹೋಗಬೇಕಾಗಿತ್ತು. ಹೊಗಳಿಕೆ ತಿಂದು ಸುಮ್ಮನೆ ಕೂತೆ. ಅಷ್ಟರಲ್ಲಿ ನನಗೂ ಹೆಸರು ಬಂದಿತ್ತು. ಬಿಳಿ ಸಮುದ್ರ ಬರೆಯುವ ಪೇಂಟರ್ ಎಂದು ಕುಮಟೆಯಿಂದ ಜನ ಕೇಳಿಕೊಂಡು ಬರುತ್ತಿದ್ದರು. ಆ ಬಿಳಿ ಯಾರದು ಎಂದು ನಾನು ಯಾರಿಗೂ ಹೇಳಲಿಲ್ಲ.

೧೯೬೭ರ ಮಳೆಗಾಲದಲ್ಲಿ ಅವ್ವಿ ಒಂದು ದಿನ ಮನೆಯ ಹಿತ್ತಲ ಬಸಳೆ ತುಂಬಿದ ಬುಟ್ಟಿಯನ್ನೇ ಹೊತ್ತು ವಾಪಸು ಬಂದಳು. ಬುಟ್ಟಿ ಇಳಿಸದೆ ಬಾಗಿಲಲ್ಲೇ ನಿಂತು, ದೊಡ್ಡಮ್ಮ ಹೋಯಿತು ಎಂದಳು. ನನ್ನ ಮುಖ ನೋಡಲಿಲ್ಲ. ಅವಳು ಆ ದಿನ ಬೇರೇನಾದರೂ ಹೇಳಿದ್ದರೆ, ಬೈದಿದ್ದರೆ, ನಾನು ಎದುರು ಮಾತಾಡಿ ಹಗುರಾಗುತ್ತಿದ್ದೆನೋ ಏನೋ.

ಮರುವರ್ಷ ಬೇಸಿಗೆಯಲ್ಲಿ ಯಾರೂ ಕರೆಯದೆ ಹೋದೆ. ಹಸಿರು ಡಬ್ಬ, ಎರಡು ಬ್ರಷ್, ವಾರ್ನಿಶ್ಶಿನ ಶೀಶೆ. ಅದೇ ಜಗಲಿ. ಇಸ್ಮಾಯಿಲ್ ಸಾಹೇಬರ ಗಡ್ಡದಲ್ಲಿ ಒಂದೆರಡು ಬಿಳಿ. ನನ್ನನ್ನು ಗುರುತು ಹಿಡಿದು ಕುರ್ಚಿ ಕೊಟ್ಟರು, ಅವ್ವಿ ಹೇಗಿದ್ದಾಳೆ ಎಂದು ಕೇಳಿದರು, ಶರಬತ್ತು ತರಿಸಿದರು. ಮಾತು ಹೇಗೆ ಶುರು ಮಾಡುವುದು ತಿಳಿಯದೆ ನಾನು ಡಬ್ಬವನ್ನೇ ತೆಗೆದು ಮುಂದೆ ಇಟ್ಟೆ.

"ಆ ಗಿಡ ಬರೆದು ಕೊಡ್ತೆ, ಸಾಹೇಬ್ರೆ."

ಅವರು ಡಬ್ಬ ನೋಡಿದರು. ಎದ್ದು ಒಳಗೆ ಹೋಗಿ ಪೆಟ್ಟಿಗೆಯನ್ನು ತಾವೇ ಹೊತ್ತು ತಂದು ಮುಚ್ಚಳ ಎತ್ತಿದರು. ಏಳು ವರ್ಷದ ಮೇಲೆ ನನ್ನ ಚಿತ್ರವನ್ನು ನೋಡಿದೆ. ಸಮುದ್ರ ಬಿಳಿ ಇತ್ತು. ಮಲ್ಲಿಗೆ ಸೋತಿತ್ತು. ಮಲ್ಲಿಗೆಯ ಪಕ್ಕದಲ್ಲಿ ಒಂದು ಒಣ ಎಲೆ, ಕಂದು, ತುಸು ಸೊಟ್ಟ, ಒಂದು ಅಂಚು ಮೇಲೆದ್ದಿತ್ತು. ಎಲೆಯ ಸುತ್ತ ಹಿಂದಿನ ವರ್ಷಗಳ ಗಂಜಿಯ ಕಲೆ, ಒಂದರ ಮೇಲೊಂದು.

ನಾನು ಎಲೆ ಕೀಳಲು ಉಗುರು ಹಚ್ಚಬೇಕು, ಅವರು ನನ್ನ ಮಣಿಕಟ್ಟು ಹಿಡಿದರು.

"ಬೇಡ. ಇದು ಹೋದ ಸಲ ಅವರು ಅಂಟಿಸಿದ್ದು. ಇನ್ನು ಅಂಟಿಸೂದಿಲ್ಲ ಅಲ್ವಾ." ಮೇಲೆದ್ದ ಅಂಚನ್ನು ಬೆರಳಿನಿಂದ ತೋರಿಸಿ, "ಉದುರದ ಹಾಗೆ ಎಂತಾದ್ರೂ ಮಾಡ್ಲಿಕ್ಕೆ ಆಗ್ತದಾ, ಪೇಂಟರ್ರೆ?" ಎಂದರು.

ಹಸಿರು ಡಬ್ಬದ ಮುಚ್ಚಳ ತೆರೆಯಲಿಲ್ಲ. ಕಿರುಬೆರಳಿನಿಂದ ಎಲೆಯ ಅಂಚನ್ನು ಒತ್ತಿ ಹಿಡಿದು ಮೇಲೆ ವಾರ್ನಿಶ್ ಎಳೆದೆ. ಒಣಗುವ ತನಕ ಕೂತೆ, ಇನ್ನೊಂದು ಸಲ ಎಳೆದೆ. ಎಲೆ ಕಪ್ಪಾಗಿ ಹೊಳೆಯಿತು. ಚೆನ್ನಾಗಿ ಬಂತೋ ಇಲ್ಲವೋ ನನಗೆ ತಿಳಿಯಲಿಲ್ಲ, ಹೇಳುವವರೂ ಇರಲಿಲ್ಲ. ಸಾಹೇಬರು ಮಜೂರಿ ಎಂದು ಕೈ ಜೇಬಿಗೆ ಹಾಕಿದಾಗ ಬೇಡ ಎಂದೆ. ಈ ಸಲ ಅದು ಜೋರಿನಿಂದ ಬಂದದ್ದಲ್ಲ, ಆದರೆ ಕೇಳಲು ಎರಡೂ ಒಂದೇ ತರ ಕೇಳಿಸಿತು.

ಈ ಕತೆಯನ್ನು ಒಂದೆರಡು ಜನರಿಗೆ ಹೇಳಿದ್ದೇನೆ. ಒಬ್ಬರು, ನೀವು ಅಳಿಸದೆ ಇದ್ದದ್ದರಿಂದಲೇ ಮಗನಿಗೆ ತಾಯಿಯ ಕೈಯ ಎಲೆ ಸಿಕ್ಕಿತು, ಎಲ್ಲ ಒಳ್ಳೆಯದಕ್ಕೇ ಎಂದರು. ಓದಿದವರು, ಒಳ್ಳೆಯ ಮಾತು ಹೇಳಬಲ್ಲರು. ನನಗೆ ಮಾತ್ರ ಕಾಣುವುದು ಬಾವಿಕಟ್ಟೆಯ ಮೇಲೆ ಮಂಜು ಕಣ್ಣಿನಲ್ಲಿ ಸರಿಯುವ ಎಲೆಯನ್ನು ಮತ್ತೆ ಮತ್ತೆ ನೇರ ಮಾಡುವ ಒಬ್ಬ ಮುದುಕಿ, ಅದೂ ಏಳು ಬೇಸಿಗೆ. ಅದರಲ್ಲಿ ಒಳ್ಳೆಯದು ಇದ್ದರೆ ಅದು ಅವರದು. ನನ್ನ ಪಾಲಿನದು ಎರಡು ಗೀರು, ಅದನ್ನು ನಾನು ಎಳೆಯಲಿಲ್ಲ.

ಮುಚ್ಚಳಗಳನ್ನು, ಲೆಕ್ಕ ಇಟ್ಟಷ್ಟು ದಿನ, ಸಾವಿರದ ಹತ್ತಿರ ಬರೆದಿದ್ದೆ. ತಗಡಿನ ಪೆಟ್ಟಿಗೆ ಕೇಳುವವರು ನಿಂತ ಮೇಲೆ ಅಂಗಡಿ ಬೋರ್ಡು, ದೋಣಿಯ ಹೆಸರು, ಶಾಲೆಯ ಗೋಡೆ. ಈಗ ನನ್ನ ಹತ್ತಿರ ಇರುವುದು ಬ್ರಷ್ಷು ಹನ್ನೊಂದು, ಅದರಲ್ಲಿ ಕೂದಲು ಇರುವುದು ಏಳು. ಬಣ್ಣದ ಡಬ್ಬ ಐದು, ಮೂರು ಗಟ್ಟಿಯಾಗಿವೆ. ಮಾರಾಟವಾಗದೆ ಉಳಿದ ಸೀನರಿ ಎರಡು. ಹಲ್ಲು ಹದಿನಾಲ್ಕು. ಸರಿಯಾಗಿ ಕಾಣುವ ಕಣ್ಣು ಒಂದು.